ತಂಗಿಗೆ ಬೇಕಾಗಿದ್ದ ಗಂಧಕ

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ, ಒಂದು ಬೆಳಿಗ್ಗೆ ಅವ್ವ ತಂಗಿಯ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಬೆರಳು ತೆಗೆದ ಮೇಲೂ ಹಸಿ ಮಣ್ಣಿನಲ್ಲಿ ಉಳಿದಂತೆ ಅಲ್ಲಿ ಗುಳಿ ಉಳಿಯಿತು. ಅವ್ವನ ಮುಖ ನೋಡಿಯೇ ನನಗೆ ಹೆದರಿಕೆಯಾಯಿತು.

ಬೇಸಿಗೆಯಲ್ಲಿ ತಂಗಿಗೆ ದಡಾರ ಬಂದಿತ್ತು. ಬೇಳೆ ಉಷ್ಣ, ಹಾಲು ಕಫ ಎಂದು ಅಜ್ಜಿ ಬರೀ ಅಕ್ಕಿ ಗಂಜಿಯ ಪಥ್ಯ ಹಿಡಿಸಿದ್ದಳು. ದಡಾರ ಹೋಗಿ ಮಳೆಗಾಲ ಬಂದರೂ ಪಥ್ಯ ಬಿಡಿಸಲು ಯಾರಿಗೂ ಧೈರ್ಯವಾಗಲಿಲ್ಲ. ಕಪ್ಪಗಿದ್ದ ಅವಳ ಕೂದಲು ಕೆಂಚಗಾಯಿತು. ಮುಖ ಊದಿಕೊಂಡಿತು. ಕೂಸು ಮೈ ತುಂಬಿಕೊಂಡಿದೆ ಎಂದು ಅಜ್ಜಿ ಸಂತೋಷಪಟ್ಟಳು. ಆದರೆ ತಂಗಿ ನಗುವುದನ್ನೂ ಅಳುವುದನ್ನೂ ಮರೆತವಳಂತೆ ಗೋಡೆಗೆ ಒರಗಿ ಕೂತಿರುತ್ತಿದ್ದಳು. ನಾನು ಕಾಗೆಯ ಹಾಗೆ ಕೂಗಿ ತೋರಿಸಿದರೂ ತಿರುಗಿ ನೋಡುತ್ತಿರಲಿಲ್ಲ.

ಪಾದದಲ್ಲಿ ಗುಳಿ ಕಂಡ ದಿನವೇ ಅಪ್ಪ ನಮ್ಮನ್ನು ಬಸ್ಸು ಹತ್ತಿಸಿ ಮಾನ್ವಿಗೆ ಕರೆದೊಯ್ದ. ದಾರಿಯುದ್ದಕ್ಕೂ ಕಾಲುವೆ ನೀರಿನ, ಭತ್ತದ ಗದ್ದೆಯ ಕೆಸರಿನ ವಾಸನೆ. ಆಸ್ಪತ್ರೆಯೊಳಗೆ ಫಿನಾಯಿಲ್ ಘಾಟು. ಡಾಕ್ಟರಮ್ಮ ತಂಗಿಯ ಕೂದಲನ್ನು ಮೆಲ್ಲಗೆ ಹಿಡಿದರು. ಅದು ಎಳೆಯದೆಯೇ ಅವರ ಕೈಗೆ ಬಂತು.

“ಬರೇ ಗಂಜಿ ಮ್ಯಾಲೆ ಕೂಸು ಉಳಿಯಂಗಿಲ್ಲವ್ವಾ,” ಎಂದರು. ಕೂದಲು, ಚರ್ಮ, ಮೈಯ ಮಾಂಸ ಎಲ್ಲವನ್ನೂ ಕಟ್ಟುವುದು ಪ್ರೋಟೀನು, ಅದರೊಳಗೆ ಗಂಧಕವೂ ಇರುತ್ತದೆ, ಗಂಜಿಯಿಂದ ಅದು ಸಾಲದು ಎಂದು ಬಿಡಿಸಿ ಹೇಳಿದರು.

ಗಂಧಕ ಎಂದದ್ದೇ ತಡ, ನನಗೆ ನಮ್ಮ ಮನೆಯ ಅಟ್ಟ ನೆನಪಾಯಿತು. ಅಲ್ಲಿ ಶೇಂಗಾ ಬೆಳೆಗೆ ಉದುರಿಸುವ ಹಳದಿ ಗಂಧಕದ ಪುಡಿ ಇತ್ತು. ಅದನ್ನು ಮುಟ್ಟಿದರೆ ಕಣ್ಣು ಹೋಗುತ್ತವೆ ಎಂದು ಅಪ್ಪ ಹೆದರಿಸಿದ್ದ. ಅದನ್ನೇ ತಿನ್ನಿಸುತ್ತಾರೆಂದು ತಿಳಿದು ನಾನು ತಂಗಿಯ ಬಾಯಿಯನ್ನು ಅಂಗೈಯಿಂದ ಮುಚ್ಚಿ, “ಅಟ್ಟದ ಮ್ಯಾಲಿನ ಪುಡಿ ಬ್ಯಾಡ!” ಎಂದು ಕೂಗಿಬಿಟ್ಟೆ.

“ಆ ಪುಡಿ ಅಲ್ಲಪ್ಪಾ, ಅದನ್ನ ತಿನ್ನಬಾರದು,” ಎಂದರು ಡಾಕ್ಟರಮ್ಮ. “ಬ್ಯಾಳಿ, ಹಾಲು, ಎಳ್ಳು, ತತ್ತಿ ಒಳಗ ಇರತದಲ್ಲ, ಅದು.”

ತಂಗಿಯನ್ನು ಅಲ್ಲೇ ಉಳಿಸಿಕೊಂಡರು. ಮೊದಲು ಹಾಲು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬೇಯಿಸಿದ ಮೊಟ್ಟೆ ಕೊಡಬೇಕೆಂದರು. ಅವ್ವ ಅಪ್ಪನ ಕೊರಳಿನ ಲಿಂಗವನ್ನು ನೋಡಿದಳು. ನಮ್ಮ ಮನೆಯೊಳಗೆ ಮೊಟ್ಟೆ ಎಂದೂ ಬಂದಿರಲಿಲ್ಲ. ಅಪ್ಪ ಎದ್ದು ಹೊರಗೆ ಹೋದ. ಸಿಟ್ಟಾಗಿ ಹೋದನೆಂದುಕೊಂಡೆವು. ಅವನು ತಲೆಗೆ ಸುತ್ತಿದ್ದ ಟವೆಲ್ಲಿನಲ್ಲಿ ಮೊಟ್ಟೆ ಕಟ್ಟಿಕೊಂಡು ಬಂದ.

ಎರಡು ದಿನ ಹಾಲು ಕುಡಿಸಿದ ಮೇಲೆ, ಬೇಯಿಸಿದ ಮೊಟ್ಟೆಯನ್ನು ಸುಲಿದಾಗ ಬಂದ ವಾಸನೆಗೆ ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮುರಿದ ತುಣುಕು ಅವಳ ಕೈಯಲ್ಲೇ ಉಳಿಯಿತು.

“ಪಾಪ ಹತ್ತಿದ್ರ ನನಗ ಹತ್ತಲಿ. ಕೂಸಿಗೆ ತಿನಸು,” ಎಂದ ಅಪ್ಪ.

ತಂಗಿ ಆ ತುಣುಕನ್ನು ದವಡೆಯಲ್ಲಿ ಇಟ್ಟುಕೊಂಡು ಸುಮ್ಮನೆ ಕೂತಳು. ಉಗುಳಿದರೆ? ನುಂಗದಿದ್ದರೆ? ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ. ಕೊನೆಗೆ ಗಂಟಲು ಅಲುಗಿತು. ಅವ್ವ ತಟ್ಟೆಯನ್ನು ಪಕ್ಕಕ್ಕಿಟ್ಟಾಗ ತಂಗಿ ಅದರ ಕಡೆ ಕೈ ಚಾಚಿ ಅತ್ತಳು. ಎಷ್ಟೋ ದಿನಗಳ ಮೇಲೆ ಕೇಳಿದ ಅಳು ಅದು. ಅಪ್ಪನ ಕಣ್ಣೂ ತುಂಬಿಬಂತು.

ಸುಗ್ಗಿಯ ಹೊತ್ತಿಗೆ ಅವಳ ತಲೆಯಲ್ಲಿ ಕಪ್ಪು ಕೂದಲು ಮೂಡಿತು. ಅಜ್ಜಿಯೇ ಎಳ್ಳು ಹುರಿದು, ಬೆಲ್ಲ ಹಾಕಿ ಕುಟ್ಟಿ, ಅವಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ತಿನ್ನಿಸುತ್ತಿದ್ದಳು.

ಮಕ್ಕಳೇ, ನಿಮಗೆ ದಡಾರ ಬರದಂತೆ ಚುಚ್ಚುಮದ್ದು ಹಾಕಿಸಿದ್ದಾರೆ. ಶಾಲೆಯಲ್ಲೇ ಬೇಳೆ, ಹಾಲು, ಮೊಟ್ಟೆ ಸಿಗುತ್ತವೆ. ಟಿವಿ ನೋಡುತ್ತಾ ನೀವು ತಟ್ಟೆಯನ್ನು ದೂರ ತಳ್ಳಿದರೆ ನಿಮ್ಮ ಅಮ್ಮನಿಗೆ ಸಿಟ್ಟು ಬರುತ್ತದೆ. ನನಗೋ, ತಂಗಿಯ ಪಾದದ ಆ ಗುಳಿ ನೆನಪಾಗಿ ಈಗಲೂ ಭಯವಾಗುತ್ತದೆ.