ಇಬ್ಬರ ಮಾತೂ ಮೀರದ ದರ್ಜಿ

ದರ್ಜಿಗೆ ಐವತ್ತೆಂಟು ವರ್ಷ. ಅಷ್ಟು ವರ್ಷದಲ್ಲಿ ಒಬ್ಬರ ಮನಸ್ಸನ್ನೂ ನೋಯಿಸಿದವನಲ್ಲ. ನಾಳೆಯೇ ಬೇಕು ಅಂದವರಿಗೆಲ್ಲ ನಾಳೆಯೇ ಅನ್ನುತ್ತಿದ್ದ, ಆಮೇಲೆ ವಾರವಿಡೀ ಬೈಸಿಕೊಳ್ಳುತ್ತಿದ್ದ. ಕೊಲೆಸ್ಟ್ರಾಲ್ ಏರಿದಾಗಲೂ ಅದೇ ಬುದ್ಧಿ. ಡಾಕ್ಟರು ರಾತ್ರಿಗೊಂದು ಮಾತ್ರೆ ಬರೆದರು, ಆಗಲಿ ಅಂದ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ, "ಆಸ್ಪತ್ರೆ ಮಾತ್ರೆ ಮುಟ್ಟಿದ್ರೆ ನನ್ನಾಣೆ!" ಎಂದು ಗಿಡಮೂಲಿಕೆ ಅಂಗಡಿಯಿಂದ ಕ್ಯಾಪ್ಸೂಲ್ ಡಬ್ಬಿ ತಂದಳು. ಕೆಂಪು ಅಕ್ಕಿ ಹುದುಗಿಸಿ ಮಾಡಿದ್ದಂತೆ. ಅದಕ್ಕೂ ಆಗಲಿ ಅಂದ. ಬೆಳಿಗ್ಗೆ ಅಕ್ಕನೆದುರು ಎರಡು ಕ್ಯಾಪ್ಸೂಲು, ರಾತ್ರಿ ಕೋಣೆ ಬಾಗಿಲು ಹಾಕಿಕೊಂಡು ಡಾಕ್ಟರ ಮಾತ್ರೆ.

ಮೂರು ತಿಂಗಳಿಗೆ ರಿಪೋರ್ಟು ಚೆನ್ನಾಗಿ ಬಂತು. ಡಾಕ್ಟರು ಹಿಗ್ಗಿದರು. ಅಕ್ಕನೂ ಅದೇ ಕಾಗದ ನೋಡಿ, "ನಾನು ಹೇಳ್ಲಿಲ್ವಾ?" ಎಂದು ಬೀಗಿದಳು.

ಆಮೇಲೆ ಹೊಲಿಗೆ ಮಿಷಿನ್ನಿನ ಪೆಡಲು ಭಾರವಾಯಿತು. ದರ್ಜಿ ಎಣ್ಣೆ ಬಿಟ್ಟ, ಬೆಲ್ಟು ಬದಲಿಸಿದ. ಆದರೂ ಒಂದು ಪ್ಯಾಂಟು ಮುಗಿಸುವಷ್ಟರಲ್ಲಿ ತೊಡೆಗೆ ಯಾರೋ ಬಡಿಗೆಯಲ್ಲಿ ಬಡಿದಂತಾಗುತ್ತಿತ್ತು. ರಿಪೇರಿಯವನನ್ನು ಕರೆಸಿದ. ಅವನು ಸ್ಟೂಲಿನ ಮೇಲೆ ಕೂತು ತುಳಿದ. ಮಿಷಿನ್ನು ಸರಾಗವಾಗಿ ಓಡಿತು.

"ಯಜಮಾನ್ರೇ, ಇದಕ್ಕೇನೂ ಆಗಿಲ್ಲ. ನಿಮ್ಮ ಕಾಲು ಯಾರಿಗಾದ್ರೂ ತೋರಿಸಿ."

ತೋರಿಸಿದ್ದು ಅಕ್ಕನಿಗೆ! "ಒಳಗಿನ ಕೆಟ್ಟದ್ದೆಲ್ಲ ಹೊರಗೆ ಬರ್ತಿದೆ ಕಣೋ, ಅಂಗಡಿಯವನೇ ಹೇಳಿದ್ದ," ಎಂದು ಅವಳು ಎರಡನ್ನು ನಾಲ್ಕು ಮಾಡಿದಳು. ಈ ಮಹಾನುಭಾವ ನಾಲ್ಕನ್ನೂ ನುಂಗಿದ. ರಾತ್ರಿಯದ್ದನ್ನೂ ಬಿಡಲಿಲ್ಲ. ಇಂಥವನಿಗೆ ಏನನ್ನಬೇಕು ಹೇಳಿ?

ಐದನೆಯ ದಿನ ಮೂತ್ರ ಹಾಲಿಲ್ಲದ ಟೀ ಬಣ್ಣಕ್ಕೆ ತಿರುಗಿತು. ಸ್ಟೂಲಿನಿಂದ ಏಳಲಾಗಲಿಲ್ಲ. ಅಕ್ಕ ಹೆಗಲು ಕೊಟ್ಟು ಆಸ್ಪತ್ರೆಗೆ ಕರೆದೊಯ್ದಳು.

ರಕ್ತದ ರಿಪೋರ್ಟು ಹಿಡಿದು ಡಾಕ್ಟರು ಕೇಳಿದರು: "ನಾನು ಬರೆದ ಮಾತ್ರೆ ಬಿಟ್ಟು ಬೇರೇನಾದ್ರೂ ತಗೋತಿದ್ದೀರಾ?"

"ಯಾವ ಮಾತ್ರೆ?" ಅಂದಳು ಅಕ್ಕ.

ದರ್ಜಿ ಅವರ ಮುಖ ನೋಡಿದ, ಇವಳ ಮುಖ ನೋಡಿದ. "ಬೇರೇನೂ ತಗೊಳ್ತಿಲ್ಲ," ಅಂದ.

"ಸರಿಯಾಗಿ ಹೇಳಿ. ನಿಮ್ಮ ಮಾಂಸಖಂಡ ಒಡೆದು ರಕ್ತಕ್ಕೆ ಸೇರ್ತಿದೆ. ಹೀಗೇ ಆದ್ರೆ ಕಿಡ್ನಿ ಹೋಗುತ್ತೆ."

ಅಕ್ಕ ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. "ದಿನಕ್ಕೆ ನಾಲ್ಕು ಕೊಡ್ತಿದ್ದೆ."

ಡಾಕ್ಟರು ಡಬ್ಬಿಗೆ ಅಂಟಿಸಿದ ಚೀಟಿ ಓದಿದರು. "ನನ್ನ ಮಾತ್ರೆಯಲ್ಲಿರೋ ಥರದ ಮದ್ದೇ ಇದರಲ್ಲೂ ಇರುತ್ತಮ್ಮ. ಎರಡೂ ಸೇರಿ ಹೀಗಾಗಿದೆ. ಇವತ್ತಿಂದ ಎರಡೂ ಬೇಡ."

ಮೂರು ದಿನ ಡ್ರಿಪ್ ಹಾಕಿದರು. ನಾಲ್ಕನೆಯ ದಿನ ಮೂತ್ರ ತಿಳಿಯಾಯಿತು, ಕಿಡ್ನಿ ಉಳಿಯಿತು. ಅಲ್ಲಿಯತನಕ ಅಕ್ಕ ಅವನ ಜೊತೆ ಒಂದು ಮಾತೂ ಆಡಿರಲಿಲ್ಲ.

"ನಿನಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ ಅಕ್ಕ," ಅಂದ ದರ್ಜಿ.

ಅಕ್ಕ ಅವನ ಹೊದಿಕೆ ಸರಿಮಾಡುತ್ತಿದ್ದಳು. ಕೈ ನಿಂತಿತು.

"ನನ್ನ ಕೈಯಿಂದ್ಲೇ ನಿನ್ನ ಕೊಲ್ಲಿಸ್ತಿದ್ಯಲ್ಲೋ," ಅಂದಳು. "ಅದಕ್ಕಿಂತ ಬೇಜಾರು ಇನ್ಯಾವುದೋ ನನಗೆ?"