ಮಾದಮ್ಮನ ಅಳತೆ

ಅಕ್ಕನ ಪೆಟ್ಟಿಗೆ ತೆರೆದಾಗ ನುಸಿಗುಳಿಗೆಯ ವಾಸನೆಯ ಜೊತೆಗೆ ಆ ನೀಲಿ ಕುಪ್ಪಸ ಕೈಗೆ ಬಂತು. ಸೊಸೆ ಅದನ್ನು ಎತ್ತಿ ಹಿಡಿದು, "ಅತ್ತೆ, ಇದನ್ನ ಯಾರು ಹೊಲ್ದಿದ್ದು? ಒಂದು ಹೆಗಲು ಕೆಳಗೈತಲ್ಲ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಮಾದಮ್ಮ ನೆನಪಾದಳು...

ಅವಳು ಫ್ರಾನ್ಸಿನವಳು. ತನ್ನನ್ನು 'ಮದಾಮ್' ಎಂದು ಕರೆಯಲು ಹೇಳಿದ್ದಳಂತೆ. ತರೀಕೆರೆಯವರ ಬಾಯಲ್ಲಿ ಅದು ಮಾದಮ್ಮ ಆಯಿತು. ಕೆಮ್ಮಣ್ಣುಗುಂಡಿಯ ಅದಿರಿನ ಕೆಲಸಕ್ಕೆ ಬಂದಿದ್ದ ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ನಮ್ಮ ಬೀದಿಯಲ್ಲೇ ಮನೆ ಹಿಡಿದು ಹೊಲಿಗೆಗೆ ಕೂತಳು. ಪ್ಯಾರಿಸ್ಸಿನಲ್ಲಿ ದೊಡ್ಡ ಅಂಗಡಿ ಇಟ್ಟು, ಸಿರಿವಂತ ಹೆಂಗಸರಿಗೆ ಹೊಸ ಹೊಸ ಮಾದರಿಯ ಉಡುಪು ಮಾಡಿಕೊಟ್ಟವಳಂತೆ. ನಾನು ನಂಬಲಿಲ್ಲ. ಅಂಥವಳಿಗೆ ತರೀಕೆರೆಯಲ್ಲಿ ಏನು ಕೆಲಸ? ನಾನು ಹುಟ್ಟಾ ಅನುಮಾನದ ಪ್ರಾಣಿ. ಹಾಲು ಕೊಂಡರೂ ಬೆರಳದ್ದಿ ನೋಡುವವಳು.

ಅಕ್ಕನ ಎಡ ಹೆಗಲು ಇಳಿದಿತ್ತು. ಯಾವ ಕುಪ್ಪಸವೂ ನಿಲ್ಲದೆ ಜಾರುತ್ತಿತ್ತು. ಅದನ್ನು ಎಳೆದುಕೊಳ್ಳುತ್ತಲೇ ಕೂತವಳನ್ನು ನೋಡಿ ಕಡೂರಿನ ಗಂಡಿನವರು ಎದ್ದು ಹೋಗಿದ್ದರು. ಈಗ ಅಜ್ಜಂಪುರದಿಂದ ಇನ್ನೊಂದು ಕಡೆಯವರು ಬರುವವರಿದ್ದರು. ಇದೂ ತಪ್ಪಿದರೆ ಅವಳಿಗೆ ಮದುವೆಯಿಲ್ಲ, ಅವಳ ಹಿಂದಿದ್ದ ನನಗೂ ಇಲ್ಲ. ಬೇರೆ ದಾರಿ ಕಾಣದೆ ಅವ್ವ ಅಕ್ಕನನ್ನು ಮಾದಮ್ಮನ ಬಳಿ ಕರೆದೊಯ್ದಳು.

ಕುಪ್ಪಸ ಎಲ್ಲಿಗೆ ಬಂತೆಂದು ನೋಡಲು ಹೋದ ಅಜ್ಜಿ ಏದುಸಿರು ಬಿಡುತ್ತ ಬಂದಳು. "ಅಯ್ಯೋ, ಮಾಟ ಮಾಡವ್ಳೆ ಕಣೇ! ತಲೆಯಿಲ್ದ ಗೊಂಬೆ... ನಮ್ಮ ಹುಡುಗಿ ಥರಾನೇ ಹೆಗಲು ಇಳಿಸವ್ಳೆ. ಮೈತುಂಬ ಸೂಜಿ ಚುಚ್ಚವ್ಳೆ!"

ನಾನೂ ಓಡಿಹೋಗಿ ನೋಡಿದೆ. ನಿಜ. ಹತ್ತಿ ತುಂಬಿದ ಅಕ್ಕನದೇ ಮೈ, ಹೆಗಲುದ್ದಕ್ಕೂ ಗುಂಡುಸೂಜಿ. ಅವತ್ತೇ ಅಕ್ಕನಿಗೆ ಹೆಗಲು ನೋವು ಬಂದಿತ್ತು. ಬೆಳಗ್ಗೆ ಅವಳು ಕೆರೆಯಿಂದ ನೀರು ಹೊತ್ತಿದ್ದಳೆಂಬುದು ಯಾರಿಗೂ ನೆನಪಾಗಲಿಲ್ಲ.

ಬೀದಿಯವರು ಗೊಂಬೆಯನ್ನು ಹೊರಗೆಳೆದು ಸೀಮೆಎಣ್ಣೆ ಸುರಿದರು. ಮಾದಮ್ಮ ಅಡ್ಡ ಬಂದು, "ಅಳತೆ... ಬರೀ ಅಳತೆ..." ಎಂದಳು. ಗೊಂಬೆ ಉರಿಯಿತು. ಅಕ್ಕ ಮಾತ್ರ ಮಾದಮ್ಮನ ಮನೆಯೊಳಗೆ ಹೋಗಿ, ಮೇಜಿನ ಮೇಲಿದ್ದ ಅರೆಬರೆ ಕುಪ್ಪಸವನ್ನು ತೊಟ್ಟು ಬಂದಳು. ಕೈ ಎತ್ತಿದಳು, ಬಗ್ಗಿದಳು. ಅದು ಜಾರಲಿಲ್ಲ.

"ನೋಡವ್ವ, ನನ್ ಹೆಗಲು ತಿದ್ದಕ್ಕೆ ಹೋಗಿಲ್ಲ ಅವ್ಳು. ಆ ಗೊಂಬೆ ಮೇಲೆ ಇಟ್ಟು ನೋಡಿ ಬಟ್ಟೇನೇ ನನ್ನಂಗೆ ಮಾಡವ್ಳೆ."

ಮಾರನೆಯ ದಿನವೇ ಮಾದಮ್ಮ ರೈಲು ಹತ್ತಿದಳು. ಯಾವ ಊರಿಗೆಂದು ಯಾರೂ ಕೇಳಲಿಲ್ಲ... ಕುಪ್ಪಸದ ಎಡ ಹೆಗಲಿನ ಅಂಚು ಹೊಲಿಯುವುದು ಉಳಿದಿತ್ತು. ಅಕ್ಕ ಅಲ್ಲಿಗೆ ಸೂಜಿ ಚುಚ್ಚಿಕೊಂಡೇ ಗಂಡಿನವರ ಮುಂದೆ ನೆಟ್ಟಗೆ ಕೂತಳು. ಅಜ್ಜಂಪುರದವರು ಒಪ್ಪಿದರು. ಆಮೇಲೆ ಅವಳ ಕುಪ್ಪಸಗಳನ್ನೆಲ್ಲ ಅಜ್ಜಂಪುರದಲ್ಲಿ ಇದನ್ನೇ ಮುಂದಿಟ್ಟುಕೊಂಡು ಕತ್ತರಿಸಿದರು. ಎರಡು ಹೆಗಲನ್ನೂ ಬೇರೆ ಬೇರೆ ಅಳೆಯುವುದಕ್ಕೆ ಅಲ್ಲಿಯ ದರ್ಜಿಗಳು ಇಂದಿಗೂ 'ಮಾದಮ್ಮನ ಅಳತೆ' ಎನ್ನುತ್ತಾರೆ. ಯಾವ ಮಾದಮ್ಮ ಎಂದು ಕೇಳಿದರೆ ಅವರಿಗೆ ಗೊತ್ತಿಲ್ಲ.

ಈಗ ಅಕ್ಕನೂ ಇಲ್ಲ. ಈ ಕುಪ್ಪಸ ಇನ್ನು ಯಾರ ಮೈಗೂ ಆಗದು. ಎಡ ಹೆಗಲಿನ ಅಂಚಿನಲ್ಲಿ ತುಕ್ಕು ಹಿಡಿದ ಸೂಜಿ ಹಾಗೇ ಇತ್ತು. ಸೊಸೆ ಕೀಳಲು ಹೋದಳು.

"ಕೀಳಬ್ಯಾಡ ಕಣೇ" ಎಂದೆ. ಅಕ್ಕನಿಗೆ ಎಲ್ಲಿ ನೋವಾಗಿಬಿಡುತ್ತದೋ ಎಂದು ನನಗೆ ಅನುಮಾನ.