ಅಪ್ಪ ಹೊತ್ತುಕೊಂಡ ನನ್ನ ತಪ್ಪು

ನಾನು ಚಿಕ್ಕವನಿದ್ದಾಗ ಆಡಿದ ಒಂದು ಮಾತು ನೆನಪಾದರೆ ಈಗಲೂ ತಲೆ ತಗ್ಗುತ್ತದೆ, ಮಕ್ಕಳೇ. ನಮ್ಮಜ್ಜ ಚೆಸ್‌ನಲ್ಲಿ ಭಾರಿ ಶಾಣ್ಯಾ ಎಂದು ಗೆಳೆಯರ ಮುಂದೆ ಜಂಬ ಕೊಚ್ಚುತ್ತೀರಲ್ಲ, ಅದಕ್ಕೇ ಹೇಳಿಬಿಡುತ್ತೇನೆ.

ಕೌಜಲಗಿಯಲ್ಲಿ ನಮ್ಮದು ಕುರಿ ಸಾಕುವ ಮನೆತನ. ಸುಗ್ಗಿ ಮುಗಿದ ಮೇಲೆ ಅಪ್ಪ ಗೊಬ್ಬರಕ್ಕಾಗಿ ರೈತರ ಹೊಲಗಳಲ್ಲಿ ಕುರಿ ನಿಲ್ಲಿಸುತ್ತಿದ್ದ. ಹಾಗೆ ಒಂದು ಹೊಲದಲ್ಲಿ ತಂಗಿದ್ದಾಗ, ಮಿಲಿಟರಿಯಿಂದ ಬಂದಿದ್ದ ಅದರ ಒಡೆಯರು ಅವನಿಗೆ ಚೆಸ್ ಕಲಿಸಿದ್ದರು. ಒಂದು ಹಳೆಯ ಪುಸ್ತಕವನ್ನೂ ಕೊಟ್ಟಿದ್ದರು.

ನಾನು ಆರನೇ ಇಯತ್ತೆಯಲ್ಲಿದ್ದಾಗ ಗೋಕಾಕದಲ್ಲಿ ಸಾಲೆಗಳ ಚೆಸ್ ಪಂದ್ಯವಿತ್ತು. ಗೆದ್ದವರು ಬೆಳಗಾವಿಗೆ ಹೋಗಬೇಕು. ಅಪ್ಪ ನನ್ನ ಕಲಿಕೆಯನ್ನು ಮೂರು ಪಾಲು ಮಾಡಿದ. ಒಂದು ಸಂಜೆ ಆಟದ ಆರಂಭ, ಒಂದು ಸಂಜೆ ನಡುವಿನ ಕಾದಾಟ, ಒಂದು ಸಂಜೆ ಎರಡು ಮೂರು ಕಾಯಿ ಉಳಿದಾಗಿನ ಕೊನೆಯಾಟ.

"ಕುರಿ ಒಂದ ಕಡೆ ನಿಲ್ಲಿಸಿದರ ಅಲ್ಲಷ್ಟ ಬೆಳಿ ಬರತೈತಿ, ಉಳಿದ ಹೊಲ ಹಂಗ ಉಳೀತೈತಿ. ದಿನಾ ಜಾಗಾ ಬದಲಿ ಮಾಡಬೇಕು," ಎಂದ.

ನನಗೆ ಹಿಡಿಸಿದ್ದು ಆರಂಭ ಮಾತ್ರ. ಪುಸ್ತಕದ ನಡೆಗಳನ್ನು ಬಾಯಿಪಾಠ ಮಾಡಿ ಪಟಪಟನೆ ಕಾಯಿ ಸರಿಸಿದರೆ ಓಣಿಯ ಹುಡುಗರು ಬಾಯಿ ಬಿಟ್ಟು ನೋಡುತ್ತಿದ್ದರು. ಕೊನೆಯಾಟದ ಹಲಗೆ ಹಬ್ಬ ಮುಗಿದ ಮಾರನೆಯ ದಿನದ ಮನೆಯಂತೆ ಬಿಕೋ ಎನ್ನುತ್ತಿತ್ತು. ಆ ಸಂಜೆಗಳಲ್ಲಿ ನನಗೆ ತಪ್ಪದೆ ಹೊಟ್ಟೆನೋವು ಬರುತ್ತಿತ್ತು. ಆದರೂ ಅಪ್ಪ ಮೂರು ಸಲ ಕೂರಿಸಿಕೊಂಡು ತೋರಿಸಿದ. ರಾಜ ಮುಂದೆ ನಡೆಯಬೇಕು, ಪ್ಯಾದೆ, ಅಂದರೆ ಕಾಲಾಳು, ಅವನ ಹಿಂದೆ ಬರಬೇಕು. ಕುರುಬ ಮುಂದೆ ನಡೆದರೆ ಕುರಿ ಬರುವುದಿಲ್ಲವೇ ಹಾಗೆ. ನಾನು ಹೂಂ ಹೂಂ ಎಂದೆ. ರೊಟ್ಟಿ ಬಡಿಯುತ್ತಿದ್ದ ಅಕ್ಕ ಮಾತ್ರ ಕತ್ತು ಚಾಚಿ ನೋಡುತ್ತಿದ್ದಳು.

ಪಂದ್ಯದ ದಿನ ಕುರಿಗಳನ್ನು ಅಕ್ಕನಿಗೆ ಒಪ್ಪಿಸಿ ಅಪ್ಪ ಕಂಬಳಿ ಹೊದ್ದು ನನ್ನ ಜೊತೆ ಬಂದ. ಕೊನೆಯ ಸುತ್ತಿನಲ್ಲಿ ನನ್ನೆದುರು ಯಮಕನಮರಡಿಯ ಹುಡುಗ. ಆಡುತ್ತ ಆಡುತ್ತ ಅವನ ಬಳಿ ರಾಜ ಒಬ್ಬನೇ ಉಳಿದ; ನನ್ನ ಬಳಿ ರಾಜನೂ ಒಂದು ಪ್ಯಾದೆಯೂ ಇದ್ದವು. ಪ್ಯಾದೆ ಆಚೆ ದಡ ಮುಟ್ಟಿದರೆ ಎಲ್ಲಕ್ಕಿಂತ ಬಲದ ವಜೀರ ಆಗುತ್ತದೆ, ಗೆಲುವು ನನ್ನದೇ. ನಾನು ರಾಜನನ್ನು ಹಿಂದೆ ಬಿಟ್ಟು ಪ್ಯಾದೆಯನ್ನೇ ಓಡಿಸಿದೆ. ಅವನ ರಾಜ ಬಂದು ದಾರಿಗಡ್ಡ ನಿಂತ. ಕೊನೆಗೆ ಆ ರಾಜನ ಮೇಲೆ ಶಹದ ಏಟೂ ಇರಲಿಲ್ಲ, ಅವನಿಗೆ ಸರಿಯಲು ಮನೆಯೂ ಇರಲಿಲ್ಲ. ಹಾಗಾದರೆ ಯಾರೂ ಗೆದ್ದಂತಲ್ಲ, ಆಟ ಸಮವಾಯಿತು. ಒಟ್ಟು ಲೆಕ್ಕದಲ್ಲಿ ಅರ್ಧ ಅಂಕ ಹೆಚ್ಚಿದ್ದ ಅವನು ಬೆಳಗಾವಿಗೆ ಹೊರಟ.

ಗೆದ್ದ ಆಟ ಕೈಬಿಟ್ಟೆಯಲ್ಲೋ, ಇಷ್ಟೂ ಗೊತ್ತಿರಲಿಲ್ಲವೇ ಎಂದು ಪಂದ್ಯದ ಮಾಸ್ತರರು ಎಲ್ಲರೆದುರು ಕೇಳಿದರು. ನಾನು ಬಾಗಿಲಲ್ಲಿ ನಿಂತಿದ್ದ ಅಪ್ಪನ ಕಡೆ ಕೈ ತೋರಿಸಿದೆ.

"ನಮ್ಮಪ್ಪ ಇದನ್ನ ಹೇಳಿಕೊಟ್ಟಿಲ್ರಿ."

ಕುರಿ ಕಾಯುವವನಿಗೆ ಇದೆಲ್ಲ ಎಲ್ಲಿ ತಿಳಿಯಬೇಕು ಎಂದು ಯಾರೋ ನಕ್ಕರು. ಅಪ್ಪ ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ ಮಾಸ್ತರರ ಕಡೆ ತಿರುಗಿದ.

"ಹೌದ್ರಿ, ತಪ್ಪು ನಂದ. ನಾನ ಹೇಳಿಕೊಟ್ಟಿಲ್ಲ."

ಬಸ್ ಸ್ಟ್ಯಾಂಡಿನಲ್ಲಿ ಕರದಂಟು ಕೊಡಿಸಿದ. ತುಪ್ಪದ ಘಮ ಮೂಗಿಗೆ ಬಡಿಯುತ್ತಿದ್ದರೂ ಒಂದು ಚೂರೂ ಮುಟ್ಟದೆ ಹಾಗೇ ಕಟ್ಟಿ ಅಕ್ಕನಿಗೆಂದು ಇಟ್ಟುಕೊಂಡೆ. ಮನೆಯಲ್ಲಿ ನಡೆದದ್ದನ್ನು ಕೇಳಿದ ಅಕ್ಕ ಆ ಮೂರು ಕಾಯಿಗಳನ್ನು ಇಟ್ಟು, ರಾಜನನ್ನು ಮುಂದೆ ನಡೆಸಿ, ಹಿಟ್ಟಿನ ಕೈಯಲ್ಲೇ ಗೆದ್ದು ತೋರಿಸಿದಳು. ನನಗೆ ನಾಚಿಕೆಯಿಂದ ಸತ್ತಂತಾಯಿತು. ಮರುದಿನದಿಂದ ಮೂರೂ ಪಾಲು ಕಲಿತೆ. ಆದರೆ ತಪ್ಪಾಯಿತು ಅಪ್ಪಾ ಎನ್ನುವ ಮಾತು ಅವನು ಇರುವವರೆಗೂ ನನ್ನ ಬಾಯಿಂದ ಬರಲಿಲ್ಲ.

ಈಗ ನಿಮಗೆ ಫೋನೇ ಗುರು. ಯಾವ ಪಾಠ ಮಾಡಿದಿರಿ, ಯಾವುದನ್ನು ತಪ್ಪಿಸಿದಿರಿ ಎಂದು ಅದು ಕೆಂಪು ಅಕ್ಷರದಲ್ಲಿ ಎಲ್ಲರಿಗೂ ತೋರಿಸುತ್ತದೆ. ನಾನು ತಪ್ಪಿಸಿದ್ದೆಲ್ಲ ಅಪ್ಪನಿಗೂ ಗೊತ್ತಿತ್ತು. ಅವನು ಯಾರಿಗೂ ತೋರಿಸಲಿಲ್ಲ.